ಚಾಪರ್ ಸೈಕಲ್‌ನ ದಿಕ್ಕು ನಿಯಂತ್ರಣ

ಚಾಪರ್ ಸೈಕಲ್ ಎಂಬುದು ಉದ್ದನೆಯ ಮುಂಭಾಗದ ಫೋರ್ಕ್, ಎತ್ತರದ ಹ್ಯಾಂಡಲ್ ಮತ್ತು ತಗ್ಗಾದ ಆಸನವನ್ನು ಹೊಂದಿದ್ದು, ಚಾಪರ್ ಮೋಟಾರ್‌ಸೈಕಲ್‌ಗಳ ರೂಪವನ್ನು ಅನುಕರಿಸುವ ಬೈಸಿಕಲ್ ಆಗಿದೆ. ಕೈಯಿಂದ ನಿರ್ಮಿಸಿದ ಇಂತಹ ಸೈಕಲ್‌ಗಳಲ್ಲಿ ನಿಧಾನಗತಿಯಲ್ಲಿ ಮುಂಚಕ್ರವು ಬದಿಗೆ ಹೊರಳುವುದು ಸಾಮಾನ್ಯ ದೋಷ. ಫೋರ್ಕಿನ ಉದ್ದಕ್ಕಿಂತ, ಆ ಉದ್ದದಿಂದ ಬದಲಾಗುವ ಕೋನವೇ ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಅಮೆರಿಕದ ಶ್ವಿನ್ ಸಂಸ್ಥೆಯು 1963ರಲ್ಲಿ ಸ್ಟಿಂಗ್-ರೇ ಸೈಕಲನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನ ರ್ಯಾಲೀ ಸಂಸ್ಥೆಯ ಚಾಪರ್ ಮಾದರಿಯು 1970ರ ದಶಕದಲ್ಲಿ ಅಲ್ಲಿನ ಮಕ್ಕಳಲ್ಲಿ ಜನಪ್ರಿಯವಾಯಿತು. 1972ರ ಎರಡನೆಯ ಆವೃತ್ತಿಯಲ್ಲಿ, ಸೈಕಲ್ ಹಿಂದಕ್ಕೆ ಮಗುಚದಂತೆ ಆಸನವನ್ನು ಮುಂದಕ್ಕೆ ಸರಿಸಲಾಯಿತು. ಹ್ಯಾಂಡಲನ್ನು ಹಿಂದಕ್ಕೆ ಬಾಗಿಸಲಾಗದಂತೆ ಅದರ ಕಾಂಡಕ್ಕೆ ಬೆಸುಗೆ ಹಾಕಲಾಯಿತು.

ಮೂಲ ಅಳತೆಗಳು

* ಹೆಡ್ ಕೋನ: ಹ್ಯಾಂಡಲ್ ತಿರುಗುವ ಅಕ್ಷವು ನೆಲದೊಂದಿಗೆ ಉಂಟುಮಾಡುವ ಕೋನ. ಸಾಮಾನ್ಯ ರಸ್ತೆ ಸೈಕಲ್‌ಗಳಲ್ಲಿ ಇದು ಸುಮಾರು 71ರಿಂದ 74 ಡಿಗ್ರಿ.
* ಆಫ್‌ಸೆಟ್: ಆ ಅಕ್ಷದಿಂದ ಮುಂಚಕ್ರದ ಅಚ್ಚು ಮುಂದಕ್ಕಿರುವ ಲಂಬ ದೂರ.
* ಟ್ರೇಲ್: ಅಕ್ಷವನ್ನು ನೆಲದವರೆಗೆ ಮುಂದುವರಿಸಿದಾಗ ದೊರೆಯುವ ಬಿಂದುವಿಗೂ ಅದರ ಹಿಂದೆ ಟೈರು ನೆಲ ಮುಟ್ಟುವ ಬಿಂದುವಿಗೂ ನಡುವಿನ ಅಂತರ.

ಚಕ್ರದ ತ್ರಿಜ್ಯವನ್ನು ಹೆಡ್ ಕೋನದ ಕೊಸೈನ್‌ನಿಂದ ಗುಣಿಸಿ, ಆಫ್‌ಸೆಟ್ ಕಳೆದು, ಉಳಿದದ್ದನ್ನು ಅದೇ ಕೋನದ ಸೈನ್‌ನಿಂದ ಭಾಗಿಸಿದರೆ ಟ್ರೇಲ್ ದೊರೆಯುತ್ತದೆ. ಚಕ್ರದ ತ್ರಿಜ್ಯ 330 ಮಿ.ಮೀ., ಆಫ್‌ಸೆಟ್ 45 ಮಿ.ಮೀ. ಇರುವಾಗ 72 ಡಿಗ್ರಿ ಕೋನಕ್ಕೆ ಟ್ರೇಲ್ ಸುಮಾರು 60 ಮಿ.ಮೀ.; ಕೋನವು 55 ಡಿಗ್ರಿಗೆ ಇಳಿದರೆ ಅದು ಸುಮಾರು 176 ಮಿ.ಮೀ. ಆಗುತ್ತದೆ.

ದೋಷದ ಕಾರಣ

ಟ್ರೇಲ್ ಇರುವುದರಿಂದ ಚಲಿಸುವ ಸೈಕಲಿನ ಮುಂಚಕ್ರವು ನೇರ ದಿಕ್ಕಿಗೆ ಮರಳುತ್ತದೆ. ಆದರೆ ಹ್ಯಾಂಡಲ್ ತಿರುಗಿದಾಗ ಸೈಕಲಿನ ಮುಂಭಾಗವು ತುಸು ತಗ್ಗುತ್ತದೆ. ಕೋನವು ಹೆಚ್ಚು ಓರೆಯಾಗಿ, ಟ್ರೇಲ್ ದೊಡ್ಡದಾದಷ್ಟೂ ಈ ತಗ್ಗುವಿಕೆ ಹೆಚ್ಚುತ್ತದೆ. ಆಗ ಮುಂಭಾಗದ ಭಾರವೇ ಚಕ್ರವನ್ನು ಇನ್ನಷ್ಟು ಹೊರಳಿಸುತ್ತದೆ. ಸವಾರನ ಭಾರವು ಹಿಂಚಕ್ರದ ಮೇಲೆ ಹೆಚ್ಚಾಗಿ ಬಿದ್ದರೆ ಮುಂಚಕ್ರದ ಹಿಡಿತವೂ ಕುಗ್ಗುತ್ತದೆ.

ಸಾಮಾನ್ಯ ಚೌಕಟ್ಟಿಗೆ ಉದ್ದನೆಯ ಫೋರ್ಕ್ ಜೋಡಿಸಿದಾಗ ಮುಂಭಾಗ ಮೇಲೇರಿ ಹೆಡ್ ಕೋನ ಇಳಿಯುತ್ತದೆ. ಚಕ್ರಗಳ ಅಂತರ ಒಂದು ಮೀಟರ್ ಇರುವ ಸೈಕಲಿನಲ್ಲಿ ಫೋರ್ಕ್ 50 ಮಿ.ಮೀ. ಉದ್ದವಾದರೆ ಕೋನವು 3 ಡಿಗ್ರಿಗೆ ಸಮೀಪದಷ್ಟು ಕಡಿಮೆಯಾಗುತ್ತದೆ.

ಪರೀಕ್ಷೆ ಮತ್ತು ಪರಿಹಾರ

ಮೊದಲು ಹೆಡ್ ಬೇರಿಂಗ್‌ಗಳು ಸಡಿಲವಾಗಿಯೂ ಅತಿ ಬಿಗಿಯಾಗಿಯೂ ಇಲ್ಲವೆಂದು, ಎರಡೂ ಚಕ್ರಗಳು ಒಂದೇ ಸಮತಲದಲ್ಲಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಅನಂತರ ಸೈಕಲನ್ನು ನೆಟ್ಟಗೆ ನಿಲ್ಲಿಸಿ, ಅಕ್ಷದ ನೇರಕ್ಕೆ ಉದ್ದನೆಯ ಪಟ್ಟಿ ಹಿಡಿದು ನೆಲದ ಮೇಲೆ ಗುರುತು ಮಾಡಬೇಕು. ಅಚ್ಚಿನಿಂದ ಗುಂಡು ಕಟ್ಟಿದ ದಾರವನ್ನು ಇಳಿಬಿಟ್ಟು ಎರಡನೆಯ ಗುರುತು ಪಡೆಯಬೇಕು. ಇವೆರಡರ ನಡುವಿನ ಅಂತರವೇ ಟ್ರೇಲ್.

ಟ್ರೇಲ್ ಅತಿಯಾಗಿದ್ದರೆ ಆಫ್‌ಸೆಟ್ ಹೆಚ್ಚಿಸುವುದು ಒಂದು ಪರಿಹಾರ. ಮೇಲಿನ 55 ಡಿಗ್ರಿಯ ಉದಾಹರಣೆಯಲ್ಲಿ ಆಫ್‌ಸೆಟ್ 120 ಮಿ.ಮೀ.ಗೆ ಏರಿದರೆ ಟ್ರೇಲ್ ಸುಮಾರು 85 ಮಿ.ಮೀ.ಗೆ ಇಳಿಯುತ್ತದೆ. ಫೋರ್ಕನ್ನು ಗಿಡ್ಡಗೊಳಿಸಿ ಅಥವಾ ಚಿಕ್ಕ ಮುಂಚಕ್ರ ಅಳವಡಿಸಿಯೂ ಟ್ರೇಲ್ ತಗ್ಗಿಸಬಹುದು. ಇವೆರಡರಲ್ಲೂ ಪೆಡಲ್‌ಗಳು ನೆಲಕ್ಕೆ ಹತ್ತಿರವಾಗುತ್ತವೆ. ಆಫ್‌ಸೆಟ್ ಮಿತಿಮೀರಿ ಟ್ರೇಲ್ ಋಣಾತ್ಮಕವಾದರೆ ಮುಂಚಕ್ರವು ತಾನಾಗಿ ನೇರಕ್ಕೆ ಮರಳುವ ಗುಣವು ಕುಂದುತ್ತದೆ.

ಸುರಕ್ಷತೆ

ಉದ್ದನೆಯ ಫೋರ್ಕ್ ಹೆಡ್ ಟ್ಯೂಬಿನ ಮೇಲೆ ಹೆಚ್ಚು ಬಾಗುಬಲ ಬೀರುತ್ತದೆ. ಆದ್ದರಿಂದ ಬೆಸುಗೆಯ ಸ್ಥಳಗಳಲ್ಲಿ ಬಿರುಕುಗಳಿವೆಯೇ ಎಂದು ಆಗಾಗ ಪರಿಶೀಲಿಸುವುದು ಅಗತ್ಯ. ಬದಲಾವಣೆಯ ನಂತರದ ಮೊದಲ ಸವಾರಿಯನ್ನು ವಾಹನಗಳಿಲ್ಲದ ಸಮತಟ್ಟಾದ ಸ್ಥಳದಲ್ಲಿ, ಹೆಲ್ಮೆಟ್ ಧರಿಸಿ, ಕಡಿಮೆ ವೇಗದಲ್ಲಿ ನಡೆಸಬೇಕು.