ಹಳಿ ತುದಿಯ ದ್ವೀಪ

ಸಮುದ್ರ ಎಷ್ಟೋ ದೂರವಿದ್ದರೂ ನನ್ನ ಕಣ್ಣಿಗೆ ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್ ಒಂದು ದ್ವೀಪ, ನಮ್ಮ ಬಂಗಾರಪೇಟೆ ಅದರ ಬಂದರು. ಇಲ್ಲಿನ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತನಾದವನು ನಾನು. ಇಲ್ಲಿ ಕವಲೊಡೆಯುವ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. 1894ರಲ್ಲಿ ಈ ಹಳಿ ಬಿದ್ದ ಮೇಲೆ ಯಂತ್ರ, ಅಕ್ಕಿ, ಆರ್ಕಾಟು–ಚಿತ್ತೂರಿನ ಕಡೆಯ ಕೂಲಿಯವರು, ಎಲ್ಲ ಬಂದದ್ದು ನಮ್ಮೂರ ಮೇಲೆಯೇ.

ರೋಗಕ್ಕೂ ರೈಲೇ ದಾರಿಯಾಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಮುಂದೆ ಕೋಲಾರದ ಸೀಮೆಗೂ ಹಬ್ಬಿತು. ನಮ್ಮ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಪಾತ್ರೆ ಪಡಗ ಕಟ್ಟಿಕೊಂಡು, ದನಕರು ಹೊಡೆದುಕೊಂಡು ಜನ ಊರಾಚೆ ಗುಡಿಸಲು ಹಾಕುತ್ತಿದ್ದರು. ನಮ್ಮಜ್ಜಿ ಚಿಕ್ಕಂದಿನಲ್ಲಿ ಹಾಗೆ ಹೊಲದಲ್ಲಿ ಮಲಗಿದವಳು. ಬಾಗಿಲಿಗೆ ಜಾಲಿಮುಳ್ಳು ಎಳೆದು ಬರುತ್ತಿದ್ದೆವು ಅನ್ನೋಳು. ರೈತನಿಗೆ ಹೋಗಲು ಹೊಲವಾದರೂ ಇತ್ತು. ಗಣಿಯವನು ಎಲ್ಲಿಗೆ ಹೋಗಬೇಕು? ಬಿದಿರು ತಟ್ಟಿಯ ಗೋಡೆ, ಮಣ್ಣಿನ ನೆಲ, ಒಂದಕ್ಕೊಂದು ಅಂಟಿಕೊಂಡ ಲೈನುಮನೆ. 1901ರ ಜನಗಣತಿಗೆ ಕೆಜಿಎಫ್‌ನಲ್ಲಿ 38 ಸಾವಿರ ಜನ. ಶಿಫ್ಟು ತಪ್ಪಿದರೆ ಕೂಲಿಯಿಲ್ಲ.

ಆ ಕಾಲದ ಸರ್ಕಾರಗಳಿಗೆ ಮೊದಲು ಹೊಳೆದದ್ದು ಬಾಗಿಲು ಕಾಯುವುದು. ಪಕ್ಕದ ಮದರಾಸು ಪ್ರಾಂತ್ಯದಲ್ಲಿ ರೋಗದ ಊರಿಂದ ಇಳಿದವರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ಹತ್ತು ದಿನ ಅಧಿಕಾರಿಯ ಮುಂದೆ ಹಾಜರಿ ಹಾಕಿಸುತ್ತಿದ್ದರು. ಕಾವಲು ವ್ಯರ್ಥವೇನಲ್ಲ. 1918ರ ನವೆಂಬರಿನಲ್ಲಿ ಪೆಸಿಫಿಕ್ ಸಾಗರದ ದ್ವೀಪನಾಡು ಪಶ್ಚಿಮ ಸಮೋವಾ ಆಕ್ಲೆಂಡಿನಿಂದ ಬಂದ ‘ತಲುನೆ’ ಹಡಗನ್ನು ತಡೆಯದೆ ಇನ್‌ಫ್ಲುಯೆಂಜಾ ಜ್ವರಕ್ಕೆ ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಪಕ್ಕದ ಅಮೆರಿಕನ್ ಸಮೋವಾ ಬಂದರು ಬಿಗಿಮಾಡಿ ಒಬ್ಬರನ್ನೂ ಕಳೆದುಕೊಳ್ಳಲಿಲ್ಲ. ಆದರೆ ದಿನವೂ ಆಳು ಬೇಕಾದ ಗಣಿ ಬಾಗಿಲು ಹಾಕುವ ಹಾಗಿರಲಿಲ್ಲ.

ಅದಕ್ಕೇ ಕೆಜಿಎಫ್‌ನಲ್ಲಿ ಒಳಗೆ ನಡೆದ ಕೆಲಸವನ್ನು ನಾನು ದೊಡ್ಡದೆನ್ನುತ್ತೇನೆ. ಇಕ್ಕಟ್ಟು ಕಳೆಯಲು ಅಗಲ ಬೀದಿಗಳ ರಾಬರ್ಟ್‌ಸನ್‌ಪೇಟೆ ಎದ್ದಿತು. ಬೇತಮಂಗಲದ ನೀರು ಕೊಳವೆಯಲ್ಲಿ ಬಂತು. ಗಣಿ ಕಂಪನಿಯ ಆಸ್ಪತ್ರೆ ಬೆಳೆಯಿತು. ಇವೆಲ್ಲ ಚಿನ್ನಕ್ಕಾಗಿ ಮಾಡಿದ್ದು ನಿಜ. ಆದರೂ ಕಾರ್ಮಿಕರ ಮಕ್ಕಳು ಅದೇ ಆಸ್ಪತ್ರೆಯಲ್ಲಿ ಹುಟ್ಟಿದರು.

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು, ಆಸ್ಪತ್ರೆಗೂ ಬೀಗ ಬಿತ್ತು. ಕೆಲಸಕ್ಕೆ ಬೆಂಗಳೂರೇ ಗತಿಯಾಗಿ, ನಸುಕಿನ ಗಾಡಿಗೆ ಸಾವಿರಾರು ಜನ ಹತ್ತತೊಡಗಿದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನಿಗೆ ಆ ಗಾಡಿಗಳೂ ನಿಂತವು. 2021ರ ಮೇನಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಸ್ವಯಂಸೇವಕರು ಅದೇ ಆಸ್ಪತ್ರೆಯ ಬೀಗ ತೆಗೆಸಿ, ಇಪ್ಪತ್ತು ವರ್ಷದ ಕಸ ಗುಡಿಸಿ, ಗೋಡೆಗೆ ಬಣ್ಣ ಹೊಡೆದು ಹಾಸಿಗೆ ಹಾಕಿದರು. ಅದಕ್ಕೆ ಎರಡು ವಾರ ಹಿಡಿಯಿತು. ಉಸಿರು ಕಟ್ಟಿದವರಿಗೆ ಎರಡು ವಾರ ಎಷ್ಟು ದೊಡ್ಡದೆಂದು ಆ ಮೇ ತಿಂಗಳು ಕಂಡವರೆಲ್ಲ ಬಲ್ಲರು.