ಹಿಂದೂಪುರದ ಗುಜರಿ ಅಂಗಡಿಯಿಂದ ಬಳ್ಳಾರಿಯವರೆಗೆ: ಮನೋರೋಗ, ಮದ್ದು ಮತ್ತು ನಾವು

ನಮ್ಮ ಬಾಪನದ್ದು ಹಿಂದೂಪುರದಲ್ಲಿ ಗುಜರಿ ಅಂಗಡಿ. ಬಂಟ್ವಾಳ ಕಡೆಯಿಂದ ಹೋಗಿ ಅಲ್ಲಿ ತಕ್ಕಡಿ ಹಾಕಿದವರು. ಅಲ್ಲಿನ ಮುಸ್ಲಿಮರೆಲ್ಲ ದಖನಿ ಉರ್ದು ಮಾತಾಡುವವರು. ನಮ್ಮ ಬ್ಯಾರಿ ಭಾಷೆ ಕೇಳಿ ಮಲಯಾಳವಾ ತುಳುವಾ ಎಂದು ಅವರಿಗೆ ತಿಳಿಯುತ್ತಿರಲಿಲ್ಲ, ಕಡೆಗೆ 'ಮಂಗಳೂರ್‌ವಾಲೇ' ಎಂದು ಹೆಸರಿಟ್ಟರು. ಊರು ಆಂಧ್ರದ್ದಾದರೂ ಅಂಗಡಿಗೆ ಬರುವವರಲ್ಲಿ ಅರ್ಧದಷ್ಟು ಜನ ಕನ್ನಡದವರೇ. ತೆಲುಗು, ಕನ್ನಡ, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಕಬ್ಬಿಣದ ರೇಟು ಚೌಕಾಸಿ ಮಾಡುವುದನ್ನು ನೋಡಿ ಬೆಳೆದವನು ನಾನು.

ಚಿಕ್ಕಪ್ಪ, ಅಂದರೆ ಬಾಪನ ಕೊನೆಯ ತಮ್ಮ, ಅಂಗಡಿಯ ಸಹಾಯಕ್ಕೆಂದು ಊರಿನಿಂದ ಬಂದವರು. ವಯರು ಸುಟ್ಟು ತಾಮ್ರ ಬೇರ್ಪಡಿಸುವುದರಲ್ಲಿ ಅವರ ಕೈ ಚುರುಕು. 1996ರಲ್ಲಿ ಅವರ ನಿದ್ದೆ ಹೋಯಿತು. ಆಮೇಲೆ ತೂಕದ ಕಲ್ಲುಗಳು ತನ್ನ ಬಗ್ಗೆ ಮಾತಾಡಿಕೊಳ್ಳುತ್ತಿವೆ ಎಂದು ಹೇಳತೊಡಗಿದರು. ನಮ್ಮ ಮಾತಿನಲ್ಲಿ ಅದಕ್ಕೆ ಇರುವುದು ಒಂದೇ ಪದ, ಪಿರಾಂದ್. ಆ ಪದ ಹೊರಗೆ ಬಿದ್ದರೆ ಊರಲ್ಲಿ ಇಬ್ಬರು ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ. ಹಾಗಾಗಿ ಯಾರೂ ಅದನ್ನು ಹೇಳಲಿಲ್ಲ. ಜಿನ್ನ್ ಎಂದರು, ಯಾರೋ ಮಾಟ ಮಾಡಿದ್ದಾರೆ ಎಂದರು. ಮಂತ್ರಿಸಿದ ನೀರು, ತಾಯಿತ, ನೇರ್ಚೆ ಎಲ್ಲ ಆಯಿತು. ಕೊನೆಗೆ ಯಾರದೋ ಮಾತಿನ ಮೇಲೆ ತಮಿಳುನಾಡಿನ ಒಂದು ಕಡೆ ಬಿಟ್ಟುಬಂದರು. ಆ ಜಾಗದ ಹೆಸರು ಬರೆಯುವುದಿಲ್ಲ. ಅಲ್ಲಿ ಕಾಲಿಗೆ ಸರಪಳಿ ಇತ್ತು ಎಂಬುದು ಬಾಪನಿಗೆ ಗೊತ್ತಿತ್ತು, ಉಮ್ಮನಿಗೆ ಗೊತ್ತಿರಲಿಲ್ಲ.

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಒಂದು ಖಾಸಗಿ 'ಮಾನಸಿಕ ಮನೆ'ಯ ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. 28 ಜನ ಸತ್ತರು. ದರ್ಗಾದ ಹೆಸರಿನಲ್ಲಿ ಸುತ್ತಮುತ್ತ ಎದ್ದಿದ್ದ ಅಂಥ ಮನೆಗಳನ್ನು ಸರಕಾರ ಅದೇ ತಿಂಗಳು ಮುಚ್ಚಿಸಿತು, ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಬಾಪನಿಗೆ ಸುದ್ದಿ ತಲುಪಿದ್ದು ಕೆಲವು ದಿನ ತಡವಾಗಿ, ರದ್ದಿಗೆ ಬಂದ ತೆಲುಗು ಪೇಪರಿನ ಕಟ್ಟಿನಿಂದ. ತೆಲುಗು ಓದು ಅವರಿಗೆ ಅಷ್ಟಕ್ಕಷ್ಟೇ, ಆದರೆ ಚಿತ್ರಕ್ಕೆ ಯಾವ ಲಿಪಿಯೂ ಬೇಕಿರಲಿಲ್ಲ. ತಕ್ಕಡಿ ಹಾಗೆಯೇ ಬಿಟ್ಟು ಬಸ್ಸು ಹತ್ತಿದರು. ನಾಲ್ಕನೇ ದಿನ ಚಿಕ್ಕಪ್ಪನನ್ನು ಕರೆದುಕೊಂಡು ಬಂದರು. ಎಡಗಾಲಿನ ಗಂಟಿನ ಸುತ್ತ ಚರ್ಮ ಎತ್ತಿನ ಹೆಗಲಿನ ಹಾಗೆ ದಡ್ಡುಗಟ್ಟಿತ್ತು. ನನಗೆ ಆಗ ಹದಿಮೂರು ವರ್ಷ.

ಮುಂದಿನ ವಾರ ರೈಲಿನಲ್ಲಿ ಬೆಂಗಳೂರಿನ ನಿಮ್ಹಾನ್ಸಿಗೆ ಹೋದರು. ಸ್ಕಿಜೋಫ್ರೇನಿಯಾ ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಕೆಲವು ವಾರಕ್ಕೊಮ್ಮೆ ಹಾಕಿಸಬೇಕಾದ ಒಂದು ಇಂಜೆಕ್ಷನ್ ಬರೆದರು, ಫ್ಲೂಫೆನಜೀನ್. ಆ ವರ್ಷದ ರಂಜಾನಿನ ಹೊತ್ತಿಗೆ ಚಿಕ್ಕಪ್ಪ ಅಂಗಡಿಯ ಮೂಲೆಯಲ್ಲಿ ಕುಳಿತು ಮತ್ತೆ ತಾಮ್ರ ಬಿಡಿಸುತ್ತಿದ್ದರು.

ಇದು ಮನೆಯ ಕತೆ. ಇದರ ಪಕ್ಕದಲ್ಲೇ ಇನ್ನೊಂದು ಚರಿತ್ರೆ ನಡೆಯುತ್ತಿತ್ತು ಎಂದು ನನಗೆ ತಿಳಿದದ್ದು ತೀರಾ ಇತ್ತೀಚೆಗೆ, ಓದಲು ಕುಳಿತಾಗ.

ಅನಂತಪುರ ಜಿಲ್ಲೆ 1882ಕ್ಕೆ ಮೊದಲು ಬಳ್ಳಾರಿ ಜಿಲ್ಲೆಯ ಭಾಗ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಹಿಂದೂಪುರ, ಕಲ್ಯಾಣದುರ್ಗದ ಜನ ಎಲ್ಲಿದ್ದರೋ ಅಲ್ಲೇ ಉಳಿದರು, ಗೆರೆ ಅವರ ಪಕ್ಕದಲ್ಲಿ ಹಾದುಹೋಯಿತು ಅಷ್ಟೆ. ಇನ್ನು ನಿಮ್ಹಾನ್ಸ್. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಸಂಸ್ಥೆ ಇವೆರಡೂ ಸೇರಿ 1974ರ ಡಿಸೆಂಬರಿನಲ್ಲಿ ಆದದ್ದು ಅದು. ಅಲ್ಲಿನ ಕೆಲವು ವೈದ್ಯರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು: ರೋಗಿಗಳು ಹಳ್ಳಿಯಲ್ಲಿ, ನಾವು ಬೆಂಗಳೂರಿನಲ್ಲಿ, ಹೀಗಾದರೆ ಹೇಗೆ? ಮೊದಲು ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಮಾಡಿ ಪ್ರಯೋಗ ನಡೆಸಿದರು. ಆಮೇಲೆ ಒಂದು ಇಡೀ ಜಿಲ್ಲೆಯನ್ನೇ ಕೈಗೆತ್ತಿಕೊಂಡರು. ಆ ಜಿಲ್ಲೆ ಬಳ್ಳಾರಿ, ವರ್ಷ 1985.

ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡದಲ್ಲಿ ಮನಸ್ಸಿನ ಬಗ್ಗೆ ರಾಶಿ ಪುಸ್ತಕ ಬರೆದ ಡಾ. ಸಿ.ಆರ್. ಚಂದ್ರಶೇಖರ್ ಮುಂತಾದವರ ಕೆಲಸ ಅದು. ನಾನು ಮೆಕ್ಯಾನಿಕಲ್ ಡಿಪ್ಲೊಮಾದವನಾದ್ದರಿಂದ ಅದರ ಜೋಡಣೆಯೇ ನನಗೆ ಹೆಚ್ಚು ಹಿಡಿಸಿತು. ಜಿಲ್ಲೆಯ ಜನಸಂಖ್ಯೆ 15-20 ಲಕ್ಷ. ಅಷ್ಟು ಜನಕ್ಕೆ ಮನೋವೈದ್ಯರನ್ನು ತರುವುದು ಆಗದ ಮಾತು. ಆದ್ದರಿಂದ ಇರುವವರಿಗೇ ಕಲಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಚಿಕ್ಕ ತರಬೇತಿ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ರೋಗ ಗುರುತಿಸುವ ತರಬೇತಿ. ಕೇಂದ್ರದಲ್ಲಿ ಇಡಬೇಕಾದ ಮದ್ದು ಬರೇ ಆರು: ಕ್ಲೋರ್‌ಪ್ರೊಮಜೀನ್, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಮೂರ್ಛೆರೋಗಕ್ಕೆ ಫಿನೊಬಾರ್ಬಿಟೋನ್ ಮತ್ತು ಫೆನಿಟಾಯಿನ್, ಮತ್ತೆ ಫ್ಲೂಫೆನಜೀನ್ ಇಂಜೆಕ್ಷನ್. ಒಂದು ಸರಳ ಕೇಸ್ ಕಾರ್ಡು, ತಿಂಗಳಿಗೊಂದು ವರದಿ, ಮೇಲಿನಿಂದ ಒಬ್ಬರ ಉಸ್ತುವಾರಿ. ಸ್ಪೇರ್ ಪಾರ್ಟ್ ಕಡಿಮೆ, ರಿಪೇರಿ ಸುಲಭ.

ಆರನೇ ಮದ್ದಿನ ಹೆಸರು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಚಿಕ್ಕಪ್ಪನಿಗೆ 2001ರಲ್ಲಿ ಸಿಕ್ಕಿದ ಸೂಜಿ ಅದೇ. ಬಳ್ಳಾರಿ ಜಿಲ್ಲೆಯ ಹಳ್ಳಿಯ ಆರೋಗ್ಯ ಕೇಂದ್ರದ ಪಟ್ಟಿಯಲ್ಲಿ ಅದು ಹದಿನೈದು ವರ್ಷಕ್ಕೂ ಹಿಂದೆಯೇ ಇತ್ತು.

ಬಳ್ಳಾರಿಯ ಈ ಕೆಲಸ 1990ರವರೆಗೆ ನಡೆಯಿತು. ಅದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದ್ದು 1996ರಲ್ಲಿ, ಚಿಕ್ಕಪ್ಪನ ನಿದ್ದೆ ಕೆಟ್ಟ ವರ್ಷವೇ. ಮೊದಲ ಸುತ್ತಿಗೆ ನಾಲ್ಕು ರಾಜ್ಯಗಳಲ್ಲಿ ಒಂದೊಂದು ಜಿಲ್ಲೆ. ಆಂಧ್ರಕ್ಕೂ ಒಂದು ಸಿಕ್ಕಿತು. ಅದು ಮೇದಕ್, ಹೈದರಾಬಾದಿನ ಪಕ್ಕದ್ದು. ಬಳ್ಳಾರಿಯ ನೆರೆಯಲ್ಲೇ ಇದ್ದ ಅನಂತಪುರ ಅಲ್ಲ.

ಆದರೆ ಎಲ್ಲ ತಪ್ಪನ್ನೂ ಗಡಿಯ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಹಿಂದೂಪುರದಿಂದ ಬೆಂಗಳೂರು ನೂರು ಕಿಲೋಮೀಟರಿನ ಆಸುಪಾಸು. ನಮ್ಮ ಗುಜರಿ ಲೋಡು ವಾರಕ್ಕೊಮ್ಮೆ ಅಲ್ಲಿಗೇ ಹೋಗುತ್ತಿತ್ತು. ಐದು ವರ್ಷ ಹಳೆ ಕಬ್ಬಿಣ ಬೆಂಗಳೂರಿಗೆ ಹೋಯಿತು, ಚಿಕ್ಕಪ್ಪ ಹೋಗಲಿಲ್ಲ.

ಯಾರನ್ನು ಎಣಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದೂ ಈ ಚರಿತ್ರೆಯ ಭಾಗವೇ. ನಮ್ಮ ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ದೊಡ್ಡ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಹಳ್ಳಿಯ ಜನರ ಮಾನಸಿಕ ತೊಂದರೆಗಳ ಬಗ್ಗೆ ಜಗತ್ತೇ ಇಂದಿಗೂ ಉಲ್ಲೇಖಿಸುವ ಕೃತಿ. ಅವರು ಆಯ್ದುಕೊಂಡದ್ದು ಬ್ರಾಹ್ಮಣ, ಬಂಟ, ಮೊಗವೀರ ಈ ಮೂರು ಸಮುದಾಯ. ಬ್ಯಾರಿಗಳ ತಲೆಯೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲು ಹೋಗಲಿಲ್ಲ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಅದರಲ್ಲಿ ಕರ್ನಾಟಕವೂ ಇರಲಿಲ್ಲ, ಆಂಧ್ರವೂ ಇರಲಿಲ್ಲ. ಆದರೂ ಅದು ಹೇಳಿದ್ದು ನಮಗೂ ಹೊಂದುತ್ತದೆ: ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಿಗೆ ಏನಾದರೊಂದು ಮಾನಸಿಕ ತೊಂದರೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಇಲ್ಲ.

ತಪ್ಪು ಎಣಿಕೆಯ ಕತೆ ಇದಕ್ಕಿಂತ ಕೆಟ್ಟದ್ದು. ಅಮೆರಿಕದಲ್ಲಿ 1840ರ ಜನಗಣತಿ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಹುಚ್ಚು ವಿಪರೀತ ಎಂದು ಅಂಕಿ ಕೊಟ್ಟಿತು. ಸ್ವಾತಂತ್ರ್ಯ ಕೊಟ್ಟರೆ ಇವರ ತಲೆ ಕೆಡುತ್ತದೆ, ಸರಪಳಿಯೇ ಒಳ್ಳೆಯದು ಎಂದು ಗುಲಾಮರ ಧಣಿಗಳು ಅದನ್ನೇ ಹಿಡಿದುಕೊಂಡು ವಾದಿಸಿದರು. ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬ ಕಪ್ಪು ವೈದ್ಯ ಆ ಅಂಕಿಗಳನ್ನು ಊರೂರಾಗಿ ಬಿಚ್ಚಿ ನೋಡಿದರು. ಕೆಲವು ಊರುಗಳಲ್ಲಿ ಕಪ್ಪು ಜನರ ಒಟ್ಟು ಸಂಖ್ಯೆಗಿಂತ ಹುಚ್ಚು ಹಿಡಿದ ಕಪ್ಪು ಜನರ ಸಂಖ್ಯೆಯೇ ಜಾಸ್ತಿ ಇತ್ತು! ನಮ್ಮ ಫ್ಯಾಕ್ಟರಿಯಲ್ಲಿ ತಯಾರಾದ ಪೀಸಿಗಿಂತ ರಿಜೆಕ್ಟ್ ಪೀಸು ಹೆಚ್ಚು ಎಂದು ಯಾರಾದರೂ ಬರೆದುಕೊಟ್ಟರೆ ಸೂಪರ್‌ವೈಸರ್ ಅಲ್ಲೇ ಹರಿದು ಹಾಕುತ್ತಾನೆ. ಅಲ್ಲಿ ಅದನ್ನು ಹರಿಯಲಿಲ್ಲ. 1851ರಲ್ಲಿ ಇನ್ನೊಬ್ಬ ಡಾಕ್ಟರು, ಗುಲಾಮರು ಓಡಿಹೋಗುವುದೇ ಒಂದು ಮನೋರೋಗ ಎಂದು ಅದಕ್ಕೆ ಗ್ರೀಕ್ ಹೆಸರೂ ಇಟ್ಟರು.

ಅದೇ ಜನ ಮುಂದೆ ಏನು ಮಾಡಿದರು ಎಂಬುದು ನಮಗೆ ಹೆಚ್ಚು ಉಪಯೋಗದ್ದು. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಲಫಾರ್ಗ್ ಕ್ಲಿನಿಕ್ ತೆರೆಯಿತು. ವಾರಕ್ಕೆ ಎರಡು ಸಂಜೆ, ಫೀಸು 25 ಸೆಂಟ್, ಅದೂ ಇದ್ದವರಿಗೆ. ಹಿಂದೆ ನಿಂತವರಲ್ಲಿ ರಿಚರ್ಡ್ ರೈಟ್ ಎಂಬ ಕಪ್ಪು ಕಾದಂಬರಿಕಾರ ಒಬ್ಬರು. ಹತ್ತು ವರ್ಷಕ್ಕೂ ಹೆಚ್ಚು ಅದು ನಡೆಯಿತು. ಓದುವಾಗ ನಮ್ಮ ಮದ್ರಸದ ಹಾಲು ನೆನಪಾಯಿತು. ಸಂಜೆ ಆರರ ನಂತರ ಅಲ್ಲಿ ಬೀಗ.

ಇನ್ನೊಬ್ಬರು ಫ್ರಾಂಟ್ಜ್ ಫನೋನ್. ಮಾರ್ಟಿನಿಕ್ ದ್ವೀಪದ ಕಪ್ಪು ಮನೋವೈದ್ಯ, 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಬಂದರು. ಆಗ ಅಲ್ಲಿ ಫ್ರೆಂಚರ ಆಳ್ವಿಕೆ. ಆಸ್ಪತ್ರೆಯಲ್ಲಿ ಯುರೋಪಿನವರಿಗೆ ಬೇರೆ ವಾರ್ಡು, ಮುಸ್ಲಿಮರಿಗೆ ಬೇರೆ. ಹಾಡು, ನಾಟಕ, ಬುಟ್ಟಿ ಹೆಣೆಯುವುದು ಎಂದು ಫ್ರಾನ್ಸಿನಲ್ಲಿ ಕಲಿತದ್ದನ್ನು ಎರಡೂ ಕಡೆ ಮಾಡಿಸಿದರು. ಯುರೋಪಿನ ಹೆಂಗಸರು ಚೇತರಿಸಿಕೊಂಡರು, ಮುಸ್ಲಿಂ ಗಂಡಸರು ಕದಲಲಿಲ್ಲ. ಫನೋನ್ ರೋಗಿಗಳನ್ನು ದೂರಲಿಲ್ಲ, ತನ್ನ ವಿಧಾನವೇ ತಪ್ಪು ಎಂದು ಒಪ್ಪಿಕೊಂಡು ಬರೆದರು. ಆಮೇಲೆ ಆ ವಾರ್ಡಿಗೆ ಅವರದೇ ರೀತಿಯ ಕಾಫಿ ಕಟ್ಟೆ ಮಾಡಿದರು, ಈದ್ ಆಚರಿಸಿದರು, ಕತೆ ಹೇಳುವವರನ್ನು ಕರೆಸಿದರು, ತೋಟದ ಕೆಲಸ ಕೊಟ್ಟರು. ಜನ ಎದ್ದು ಕುಳಿತರು.

ನಮ್ಮಲ್ಲಿ ಕೆಲವರು ಈ ಮಾತ್ರೆ-ಸೂಜಿಯೆಲ್ಲ ಹೊರಗಿನವರದ್ದು ಎನ್ನುತ್ತಾರೆ. ಅವರಿಗೆ ಹೇಳಬೇಕು: ಸಿರಿಯಾದ ಅಲೆಪ್ಪೊದಲ್ಲಿ 1354ರಲ್ಲಿ ಅರ್ಗೂನ್ ಅಲ್-ಕಾಮಿಲಿ ಎಂಬ ಮಮ್ಲೂಕ್ ಅಧಿಕಾರಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆಂದೇ ಅಂಗಳಗಳಿದ್ದವು, ನಡುವೆ ನೀರಿನ ಕಾರಂಜಿ. ದುಆ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಗುಜರಾತಿನ ಉನಾವದ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರೂ ಮುಜಾವರರೂ ಸೇರಿ 'ದವಾ-ದುಆ' ಎಂದು ಎರಡನ್ನೂ ಒಟ್ಟಿಗೆ ನಡೆಸಿದ್ದಾರೆ. ತಾಯಿತ ಕಟ್ಟಿದವರೇ ಚೀಟಿ ಕೊಟ್ಟು ಡಾಕ್ಟರ ಬಳಿ ಕಳಿಸುತ್ತಾರೆ. ನಮ್ಮ ಉಸ್ತಾದರೂ ಇಷ್ಟು ಮಾಡಿದರೆ ಎಷ್ಟೋ ಮನೆಗಳಲ್ಲಿ ಐದು ವರ್ಷ ಉಳಿಯುತ್ತದೆ.

ಡಿಪ್ಲೊಮಾ ಮುಗಿದ ಮೇಲೆ ಕೆಲವು ವರ್ಷ ನಾನು ಕಲ್ಯಾಣದುರ್ಗದ ಕಡೆ ಗಾಳಿಯಂತ್ರಗಳ ಮೆಂಟೆನೆನ್ಸ್ ಕೆಲಸದಲ್ಲಿದ್ದೆ. ಶೇಂಗಾ ಹೊಲಗಳ ನಡುವೆ ಕಂಬ, ಮಳೆ ಮಾತ್ರ ಇಲ್ಲ. 2019ರಲ್ಲಿ ನೀರು ಕೇಳಲು ಹೋದ ಒಂದು ಕುರುಬರ ಮನೆಯಲ್ಲಿ, ಮನೆಮಾತು ಕನ್ನಡವೇ, ಇಪ್ಪತ್ತರ ಹುಡುಗನೊಬ್ಬನನ್ನು ಹಗ್ಗದಲ್ಲಿ ಮಂಚಕ್ಕೆ ಕಟ್ಟಿದ್ದರು. ಅವನ ತಾಯಿ ಕೆಟ್ಟವಳಲ್ಲ. ಕೂಲಿಗೆ ಹೋದರೆ ಅವನು ಬಾವಿ ಕಡೆ ನಡೆಯುತ್ತಾನೆ, ಹೋಗದಿದ್ದರೆ ಊಟವಿಲ್ಲ. ಹೊಸ ಕಾನೂನು ಬಂದು ಆಗಲೇ ಒಂದು ವರ್ಷ ಆಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟಬಾರದು, ಸರಕಾರದ ಖರ್ಚಿನಲ್ಲಿ ನಡೆಯುವ ಚಿಕಿತ್ಸೆ ಪಡೆಯುವುದು ಅವರ ಹಕ್ಕು ಎನ್ನುತ್ತದೆ. ಆ ತಾಯಿಯ ಮುಂದೆ ನಿಂತು ಕಾನೂನು ಹೇಳಲು ನನಗೆ ಬಾಯಿ ಬರಲಿಲ್ಲ. ಚಿಕ್ಕಪ್ಪನ ಕತೆ ಹೇಳಿದೆ. ರಾಯದುರ್ಗದ ಮೇಲೆ ಬಳ್ಳಾರಿಗೆ ಬಸ್ಸಿದೆ, ಅಲ್ಲಿ ದೊಡ್ಡ ಸರಕಾರಿ ಆಸ್ಪತ್ರೆ ಇದೆ ಎಂದೆ. "ನಮ್ದು ಆಂಧ್ರ ಕಾರ್ಡಪ್ಪ, ಅಲ್ಲಿ ನಡೀತದಾ?" ಎಂದು ಕೇಳಿದಳು.

ಈಗ 14416 ಎಂಬ ನಂಬರ್ ಇದೆ, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡು ಇಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ, ಕಾರ್ಡು ಕೇಳುವುದಿಲ್ಲ. ಆ ದಿನ ಅದು ಇರಲಿಲ್ಲ.

ನನ್ನ ಮೇಲೂ ಒಂದು ಮಾತಿದೆ. ನನ್ನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಬಂದ ದಿನ ಚಿಕ್ಕಪ್ಪ ಹಿಂದಿನ ಕೋಣೆಯಲ್ಲಿದ್ದರು. ಅವರು ಎಲ್ಲಿ ಎಂದು ಕೇಳಿದಾಗ "ಊರಿಗೆ ಹೋಗಿದ್ದಾರೆ" ಎಂದದ್ದು ಬಾಪನಲ್ಲ, ನಾನೇ. ಗೋಡೆಯ ಆಚೆ ಅವರಿಗೆ ಕೇಳಿಸಿತ್ತು. ಸಂಜೆ ಏನೂ ಆಗದವರಂತೆ ನನ್ನ ಪಕ್ಕ ಕುಳಿತು ಚಾ ಕುಡಿದರು.

ಈ ಲೇಖನ ಬರೆದು ಮುಗಿಸಿ ಅವರಿಗೆ ಓದಿಹೇಳಿದೆ. ಬಳ್ಳಾರಿಯ ಆರು ಮದ್ದಿನ ಭಾಗವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, "ಬರಿ, ಆದರೆ ನನ್ನ ಹೆಸರು ಬೇಡ. ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದಾರೆ" ಎಂದರು. ಹೆಸರು ಹಾಕಿಲ್ಲ.