ಹತ್ತೊಂಬತ್ತು ಸೆಂಟಿನ ಊಟ

1929ರ ಷೇರುಪೇಟೆ ಕುಸಿತದ ನಂತರ ಅಮೆರಿಕದ ಲಕ್ಷಾಂತರ ಕುಟುಂಬಗಳು ದಿನಸಿಯ ಪ್ರತಿ ಸೆಂಟನ್ನೂ ಎಣಿಸಬೇಕಾಯಿತು. ಆಗ ಸೇಂಟ್ ಲೂಯಿಸ್‌ನ ಮಾರಾಟಗಾರನೊಬ್ಬ ಮ್ಯಾಕರೋನಿ ಪೊಟ್ಟಣಕ್ಕೆ ತುರಿದ ಚೀಸ್‌ನ ಲಕೋಟೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಮಾರತೊಡಗಿದ. ಈ ಉಪಾಯವನ್ನೇ ಕ್ರಾಫ್ಟ್ ಕಂಪನಿ 1937ರಲ್ಲಿ 19 ಸೆಂಟಿನ ಪೆಟ್ಟಿಗೆಯಾಗಿಸಿತು. ನಾಲ್ವರಿಗೆ ಸಾಕೆಂಬುದು ಅದರ ಜಾಹೀರಾತು.

ಅಗ್ಗದ ಬೆಲೆಯೊಂದೇ ಅದನ್ನು ಗೆಲ್ಲಿಸಲಿಲ್ಲ. ಎಷ್ಟೋ ಮನೆಗಳಲ್ಲಿ ರೆಫ್ರಿಜರೇಟರ್ ಇರಲಿಲ್ಲ. ಬ್ಯಾಕ್ಟೀರಿಯ, ಬೂಷ್ಟು ಬೆಳೆಯಲು ನೀರು ಬೇಕಷ್ಟೆ? ಒಣ ಮ್ಯಾಕರೋನಿಯಲ್ಲೂ ಚೀಸ್ ಪುಡಿಯಲ್ಲೂ ಅವುಗಳಿಗೆ ಒದಗುವ ನೀರು ಅತ್ಯಲ್ಪ. ಹಾಗಾಗಿ ಪೆಟ್ಟಿಗೆ ತಿಂಗಳುಗಟ್ಟಲೆ ಕಪಾಟಿನಲ್ಲೇ ಇರಬಲ್ಲದು. ಕೆಟ್ಟು ಎಸೆಯುವ ನಷ್ಟ ತಪ್ಪಿತು.

ಎರಡನೆಯ ಮಹಾಯುದ್ಧದ ಪಡಿತರ ಕಾಲದಲ್ಲಂತೂ ಒಂದೇ ಕೂಪನ್ನಿಗೆ ಇಂಥ ಎರಡು ಪೆಟ್ಟಿಗೆ ದೊರೆಯುತ್ತಿದ್ದವು. ಬೇಯಿಸುವಾಗ ಬೆರೆಸಬೇಕಾದ ಹಾಲು, ಬೆಣ್ಣೆಯ ಖರ್ಚು ಮಾತ್ರ ಆ 19 ಸೆಂಟಿನಲ್ಲಿ ಸೇರಿರಲಿಲ್ಲ!